ಸೌರ ಮಾರುತ ಮತ್ತು ಸಮಭಾಜಕದ ವಿದ್ಯುತ್ ಕ್ಷೇತ್ರ

ಸೂರ್ಯನ ಹೊರವಲಯವಾದ ಕರೋನಾದಿಂದ ಎಡೆಬಿಡದೆ ಹೊಮ್ಮುವ ವಿದ್ಯುದಾವಿಷ್ಟ ಕಣಗಳ ಪ್ರವಾಹವೇ ಸೌರ ಮಾರುತ. ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಸಾಗುವ ಈ ಪ್ರವಾಹವು ಸೂರ್ಯನ ಕಾಂತಕ್ಷೇತ್ರವನ್ನೂ ಹೊತ್ತು ತರುವುದರಿಂದ, ಭೂಮಿಯ ನೆಲೆಯಿಂದ ನೋಡಿದಾಗ ಅದರೊಳಗೆ ಒಂದು ವಿದ್ಯುತ್ ಕ್ಷೇತ್ರವಿರುತ್ತದೆ; ಆ ಕಾಂತಕ್ಷೇತ್ರವು 10 ನ್ಯಾನೋಟೆಸ್ಲಾದಷ್ಟು ದಕ್ಷಿಣಾಭಿಮುಖವಾಗಿದ್ದರೆ ವಿದ್ಯುತ್ ಕ್ಷೇತ್ರದ ಪ್ರಮಾಣ ಮೀಟರಿಗೆ 4 ಮಿಲಿವೋಲ್ಟ್. ದಕ್ಷಿಣಾಭಿಮುಖವಾಗಿರಬೇಕೆಂಬುದೇ ಇಲ್ಲಿನ ಮುಖ್ಯ ನಿಬಂಧನೆ. ಜೇಮ್ಸ್ ಡಂಗಿ 1961ರಲ್ಲಿ ತೋರಿಸಿದಂತೆ, ಪರಸ್ಪರ ಎದುರು ದಿಕ್ಕಿನ ಬಲರೇಖೆಗಳು ಕಡಿದು ಮತ್ತೆ ಬೆಸೆದುಕೊಂಡಾಗ ಭೂಮಿಯ ಕಾಂತಗೋಳದ ಬಾಗಿಲು ತೆರೆಯುತ್ತದೆ, ಮತ್ತು ಧ್ರುವಪ್ರದೇಶದ ಅಯಾನುಗೋಳದ ಎರಡು ಅಂಚುಗಳ ನಡುವೆ ಹತ್ತಾರು ಸಾವಿರ ವೋಲ್ಟ್‌ಗಳ, ಪ್ರಬಲ ಕಾಂತೀಯ ಬಿರುಗಾಳಿಯಲ್ಲಿ ಒಂದು ಲಕ್ಷವನ್ನೂ ಮೀರುವ, ವಿಭವಾಂತರ ಏರ್ಪಡುತ್ತದೆ.

ಧ್ರುವದಲ್ಲಿ ಹೊಕ್ಕ ಈ ಕ್ಷೇತ್ರವು ಕೆಳ ಅಕ್ಷಾಂಶಗಳಿಗೆ ತಲುಪದಂತೆ ಕಾಂತಗೋಳದ ಒಳ ಅಂಚಿನಲ್ಲಿ ಕೂಡಿಕೊಳ್ಳುವ ಆವೇಶಗಳು ಎದುರು ಕ್ಷೇತ್ರವೊಂದನ್ನು ಕಟ್ಟಿ ತಡೆಯುತ್ತವೆಯಾದರೂ, ಆ ಕವಚ ಸಿದ್ಧವಾಗಲು ಸಮಯ ಬೇಕಾಗುವುದರಿಂದ, ಅಷ್ಟರೊಳಗೆ ಕ್ಷೇತ್ರದ ಒಂದು ಅಂಶ ಸಮಭಾಜಕದವರೆಗೂ ನುಸುಳಿಬಿಡುತ್ತದೆ. ನುಸುಳುವುದು ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಶಾಂತ ದಿನಗಳ ಹಗಲಿನಲ್ಲಿ ಅಲ್ಲಿನ ಸ್ವಂತ ಕ್ಷೇತ್ರವೇ ಮೀಟರಿಗೆ ಸುಮಾರು ಅರ್ಧ ಮಿಲಿವೋಲ್ಟ್ ಆಗಿರುವಾಗ, ಈ ಅಲ್ಪಾಂಶವೂ ಅದಕ್ಕೆ ಸರಿಗಟ್ಟಬಲ್ಲದು. ಹಗಲಿನಲ್ಲಿ ಪೂರ್ವಾಭಿಮುಖವಾಗಿರುವ ಈ ಹೆಚ್ಚುವರಿ ಕ್ಷೇತ್ರವು, ಬಲರೇಖೆಗಳು ನೆಲಕ್ಕೆ ಸಮಾಂತರವಾಗಿರುವ ಕಾಂತೀಯ ಸಮಭಾಜಕದ ಮೇಲೆ ಪ್ಲಾಸ್ಮಾವನ್ನು ಎತ್ತರಕ್ಕೆ ತಳ್ಳುತ್ತದೆ. ಮೇಲೇರಿದ ಪ್ಲಾಸ್ಮಾ ಬಲರೇಖೆಗಳ ಗುಂಟ ಜಾರಿ ಇಕ್ಕೆಲಗಳ ಸುಮಾರು 15 ಡಿಗ್ರಿ ಕಾಂತೀಯ ಅಕ್ಷಾಂಶದಲ್ಲಿ ದಟ್ಟೈಸುತ್ತದೆ. ಭಾರತದ ದಕ್ಷಿಣ ತುದಿಯ ಕಾಂತೀಯ ಸಮಭಾಜಕಕ್ಕೂ ಉತ್ತರದ ಆ ದಟ್ಟಣೆಗೂ ನಡುವೆ ಬರುವ ಕರ್ನಾಟಕದ ಮೇಲಿನ ಪ್ಲಾಸ್ಮಾವನ್ನು ಹಾದುಬರುವ ಉಪಗ್ರಹ ಸಂಕೇತಗಳು ಇದರಿಂದ ಹೊರತಾಗಿರಲಾರವು.

ಸಮಭಾಜಕದ ಮೇಲೆ ಸುಮಾರು 105 ಕಿಲೋಮೀಟರ್ ಎತ್ತರದಲ್ಲಿ ಹಗಲೆಲ್ಲ ಹರಿಯುವ ಎಲೆಕ್ಟ್ರೋಜೆಟ್ ಎಂಬ ಕಿರುಪಟ್ಟಿಯ ವಿದ್ಯುತ್ ಪ್ರವಾಹವು ಈ ಬದಲಾವಣೆಗಳ ಅತ್ಯಂತ ನಂಬಲರ್ಹ ಸೂಚಕ. ಕಾಂತೀಯ ಸಮಭಾಜಕದ ಬಳಿಯಿರುವ ತಿರುನೆಲ್ವೇಲಿಯ ಕಾಂತಮಾಪಕದ ಅಳತೆಯಿಂದ, ಅದರಿಂದ ದೂರವಿರುವ ಅಲಿಬಾಗ್‌ನ ಅಳತೆಯನ್ನು ಕಳೆದರೆ ಕಾಂತಗೋಳದ ದೂರದ ಪ್ರವಾಹಗಳ ಪರಿಣಾಮ ಬಹುಪಾಲು ಅಳಿದು, ಎಲೆಕ್ಟ್ರೋಜೆಟ್‌ನ ಬಲವೇ ಉಳಿಯುತ್ತದೆ. ಸರಳವಾದರೂ ಸೊಗಸಾದ ವಿಧಾನವಿದು.

ಆದರೂ ನಿಜವಾದ ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ. ಬಿರುಗಾಳಿಯ ವೇಳೆ ಧ್ರುವಪ್ರದೇಶದ ವಾಯುಮಂಡಲ ಕಾದು, ಅಲ್ಲಿಂದ ಬೀಸುವ ಗಾಳಿಗಳು ಕೆಲವು ಗಂಟೆಗಳ ಬಳಿಕ ಬೇರೊಂದು ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುತ್ತವೆಂದು ಬ್ಲಾಂಕ್ ಮತ್ತು ರಿಚ್ಮಂಡ್ 1980ರಲ್ಲಿ ವಿವರಿಸಿದರು. ಹಗಲಿನಲ್ಲಿ ಇದರ ದಿಕ್ಕು ಪಶ್ಚಿಮ. ಸೌರ ಮಾರುತದ ಕಾಂತಕ್ಷೇತ್ರ ಹಠಾತ್ತನೆ ಉತ್ತರಕ್ಕೆ ಹೊರಳಿದಾಗ, ಇನ್ನೂ ಕರಗದೆ ಉಳಿದ ಕವಚದ ಕ್ಷೇತ್ರವೂ ಹಗಲಿನಲ್ಲಿ ಪಶ್ಚಿಮಾಭಿಮುಖವಾಗಿಯೇ ಇರುತ್ತದೆ. ಒಂದೇ ಕೇಂದ್ರದ ದಾಖಲೆಯನ್ನು ಹಿಡಿದು ಇವೆರಡರಲ್ಲಿ ಯಾವುದು ಕಾರಣವೆಂದು ತೀರ್ಮಾನಿಸುವುದು ಆತುರದ ವಿಜ್ಞಾನವಾಗುತ್ತದೆ. 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಕಕ್ಷೆ ಸೇರಿದ ಭಾರತದ ಆದಿತ್ಯ-ಎಲ್1 ನೌಕೆ, ಸೌರ ಮಾರುತದ ಕಣಗಳನ್ನೂ ಕಾಂತಕ್ಷೇತ್ರವನ್ನೂ ಅವು ಭೂಮಿಗೆ ತಲುಪುವ ಸುಮಾರು ಒಂದು ಗಂಟೆ ಮೊದಲೇ ಅಳೆಯುತ್ತಿರುವುದರಿಂದ, ಆ ಮಾಪನವನ್ನು ತಿರುನೆಲ್ವೇಲಿಯ ದಾಖಲೆಯೊಂದಿಗೂ ಇತರ ರೇಖಾಂಶಗಳ ಕೇಂದ್ರಗಳೊಂದಿಗೂ ನಿಮಿಷ ನಿಮಿಷಕ್ಕೆ ಜೋಡಿಸಿ ನೋಡುವುದು, ಮತ್ತು ಕವಚ ಕಟ್ಟಿಕೊಂಡ ಬಳಿಕವೂ ಕೆಲವು ಬಿರುಗಾಳಿಗಳಲ್ಲಿ ನುಸುಳುವಿಕೆ ಗಂಟೆಗಟ್ಟಲೆ ಏಕೆ ಮುಂದುವರಿಯುತ್ತದೆಂದು ಕೇಳುವುದು ಮುಂದಿನ ಸಂಶೋಧನೆಯ ಮೊದಲ ಕೆಲಸವಾಗಬೇಕು.