ಮೊದಲ ಪುಸ್ತಕವನ್ನು ಆರಿಸುವ ಬಗೆ

ಇಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮಗಳು ಒಂದು ಸಂಜೆ ದಪ್ಪನಾದ ಪುಸ್ತಕವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟಳು. “ದೊಡ್ಡಪ್ಪ, ಇದು ನನ್ನ ತಲೆಗೆ ಹತ್ತುವುದಿಲ್ಲ. ನನಗೆ ಅಷ್ಟು ಬುದ್ಧಿಯಿಲ್ಲವೆಂದು ಕಾಣುತ್ತದೆ” ಎಂದಳು. ಅದು ಎರ್ಲಾಂಗ್ ಎಂಬ ಕಂಪ್ಯೂಟರ್ ಭಾಷೆಯನ್ನು ಕುರಿತ ಪುಸ್ತಕ. ಕನ್ನಡ ಮೇಷ್ಟರಾದ ನನಗೂ ಆ ಭಾಷೆಗೂ ಯಾವ ನಂಟು ಎಂದು ತಾವು ಕೇಳಬಹುದು. ನಂಟು ಆ ಭಾಷೆಯೊಡನೆ ಅಲ್ಲ, ಆ ಹುಡುಗಿ ಆಡಿದ ಮಾತಿನೊಡನೆ. ಅದೇ ಮಾತನ್ನು ಮೂವತ್ತು ವರ್ಷಗಳ ಹಿಂದೆ ವಿದ್ಯಾರ್ಥಿಯೊಬ್ಬನ ಬಾಯಲ್ಲಿ ನಾನು ಕೇಳಿದ್ದೆ. ಹಳಗನ್ನಡ ಕಲಿಯಬೇಕೆಂದು ಬಂದವನ ಕೈಗೆ ನಾನು ಮೊದಲ ದಿನವೇ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಕೊಟ್ಟಿದ್ದೆ. ಹದಿಮೂರನೆಯ ಶತಮಾನದ ಆ ವ್ಯಾಕರಣ ನಮ್ಮ ಭಾಷೆಯ ಹೆಮ್ಮೆಯೇ ಸರಿ; ಆದರೆ ಅದು ಹೊಸಬನ ಮೊದಲ ಪುಸ್ತಕವಲ್ಲ. ಆ ಹುಡುಗ ಮರುವರ್ಷ ಬೇರೆ ವಿಷಯಕ್ಕೆ ಹೊರಟುಹೋದ. ತಪ್ಪು ಅವನದಾಗಿರಲಿಲ್ಲ, ಪುಸ್ತಕದ್ದೂ ಆಗಿರಲಿಲ್ಲ, ಆರಿಸಿಕೊಟ್ಟ ನನ್ನದಾಗಿತ್ತು.

ಆದ್ದರಿಂದ ಈ ಸಲ ಹುಡುಗಿಯೊಡನೆ ನಾನೂ ವಿದ್ಯಾರ್ಥಿಯಾಗಿ ಕುಳಿತೆ. ಎರ್ಲಾಂಗ್ 1986ರ ಸುಮಾರಿಗೆ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಜೋ ಆರ್ಮ್‌ಸ್ಟ್ರಾಂಗ್, ರಾಬರ್ಟ್ ವರ್ಡಿಂಗ್, ಮೈಕ್ ವಿಲಿಯಮ್ಸ್ ಎಂಬ ಮೂವರ ಶ್ರಮದಿಂದ ಹುಟ್ಟಿದ ಭಾಷೆ. ದೂರವಾಣಿ ಕರೆಗಳ ದಟ್ಟಣೆಯನ್ನು ಗಣಿತದ ಮೂಲಕ ಅಳೆದ ಡೆನ್ಮಾರ್ಕಿನ ವಿದ್ವಾಂಸ ಎ. ಕೆ. ಎರ್ಲಾಂಗ್ (1878-1929) ಅವರ ಹೆಸರನ್ನು ಅದು ಹೊತ್ತಿದೆ. 1998ರಲ್ಲಿ ಅದನ್ನು ಎಲ್ಲರ ಬಳಕೆಗೂ ಮುಕ್ತವಾಗಿ ಬಿಡಲಾಯಿತು. ವಾಟ್ಸ್‌ಆ್ಯಪ್ ಸಂದೇಶಗಳನ್ನು ಸಾಗಿಸುವ ಯಂತ್ರಗಳ ಹಿಂದೆ ಇರುವುದೂ ಈ ಭಾಷೆಯೇ. ಒಂದೇ ಯಂತ್ರ ಇಪ್ಪತ್ತು ಲಕ್ಷಕ್ಕೂ ಮೀರಿದ ಸಂಪರ್ಕಗಳನ್ನು ಒಟ್ಟಿಗೆ ಹಿಡಿದಿಟ್ಟಿತೆಂದು ಆ ಸಂಸ್ಥೆ 2012ರಲ್ಲಿ ತಿಳಿಸಿತ್ತು.

ದೂರವಾಣಿ ವಿನಿಮಯ ಕೇಂದ್ರದಲ್ಲಿ ಸಾವಿರಾರು ಜನ ಒಂದೇ ಹೊತ್ತಿನಲ್ಲಿ ಮಾತನಾಡುತ್ತಿರುತ್ತಾರೆ. ಒಬ್ಬರ ಕರೆ ಕಡಿದುಹೋದರೆ ಉಳಿದವರ ಮಾತು ನಿಲ್ಲಬಾರದು. ಈ ಅಗತ್ಯವೇ ಎರ್ಲಾಂಗ್ ಭಾಷೆಯ ತಿರುಳು. ಅದರಲ್ಲಿ ಪ್ರತಿಯೊಂದು ಕೆಲಸಕ್ಕೂ ‘ಪ್ರೊಸೆಸ್’ ಎಂಬ ಪುಟ್ಟ ಕೆಲಸಗಾರನನ್ನು ಹುಟ್ಟಿಸಬಹುದು. ಒಬ್ಬನ ಕಡತವನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಪ್ರತಿಯೊಬ್ಬನಿಗೂ ತನ್ನದೇ ಅಂಚೆಪೆಟ್ಟಿಗೆಯಿದೆ, ವ್ಯವಹಾರವೆಲ್ಲ ಪತ್ರಮುಖೇನ. ಒಬ್ಬ ಕೆಲಸಗಾರ ಕುಸಿದುಬಿದ್ದರೆ ಅವನ ಮೇಲ್ವಿಚಾರಕ ಹೊಸಬನನ್ನು ಅದೇ ಸ್ಥಾನಕ್ಕೆ ನೇಮಿಸುತ್ತಾನೆ. ಹೀಗೆ ಏಕಕಾಲದಲ್ಲಿ ನಡೆಯುವ ಹಲವು ಕೆಲಸಗಳನ್ನು ಯೋಚಿಸುವ ಬಗೆಯೇ ಇಲ್ಲಿ ಬೇರೆ. ಬೇರೆ ಭಾಷೆಗಳಿಂದ ಬಂದವನಿಗೆ ಪದಗಳಿಗಿಂತ ಈ ಬಗೆಯೇ ಕಷ್ಟ.

ಈ ಹಿನ್ನೆಲೆಯಲ್ಲಿ ಪುಸ್ತಕವನ್ನು ಪರೀಕ್ಷಿಸಲು ನಾಲ್ಕು ಪ್ರಶ್ನೆಗಳು ಸಾಕೆಂದು ನನಗೆ ತೋರಿತು.

ಮೊದಲನೆಯದು, ಪುಸ್ತಕ ಯಾರಿಗಾಗಿ ಬರೆದದ್ದು? ಇದಕ್ಕೆ ಉತ್ತರ ಮುನ್ನುಡಿಯಲ್ಲಿರುತ್ತದೆ; ನಾವು ಹಾರಿಸಿಬಿಡುವುದೂ ಅದನ್ನೇ. ನಮ್ಮ ಹುಡುಗಿ ತಂದ ಪುಸ್ತಕದ ಮುನ್ನುಡಿಯಲ್ಲಿ, ಇದು ಈಗಾಗಲೇ ಭಾಷೆಯನ್ನು ಬಲ್ಲವರಿಗೆ ಎಂದು ಸ್ಪಷ್ಟವಾಗಿಯೇ ಬರೆದಿತ್ತು.

ಎರಡನೆಯದು, ಹೊಸಬ ಎಡವುವ ಕಲ್ಲನ್ನು ಲೇಖಕ ಬಲ್ಲನೇ? ಎರ್ಲಾಂಗ್‌ನಲ್ಲಿ ಒಂದು ಹೆಸರಿಗೆ ಒಮ್ಮೆ ಒಂದು ಬೆಲೆ ಕೊಟ್ಟ ಮೇಲೆ ಅದನ್ನು ಬದಲಿಸುವಂತಿಲ್ಲ. ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮಗಳಿಗೆ ಒಂದೊಂದು ಸ್ಥಾನ ನಿಗದಿಯಾಗಿದೆ. ವ್ಯಾಕರಣ ಕಲಿಸಿದ ನನಗೆ ಇದು ಸಂತೋಷ ಕೊಟ್ಟರೂ ಹುಡುಗಿಗೆ ಕಣ್ಣೀರು ತರಿಸಿತ್ತು. ನಿಯಮವನ್ನು ಹೇಳಿ ಮುಂದೆ ಹೋಗುವವನಿಗಿಂತ, ‘ನೀನು ಇಲ್ಲಿ ತಪ್ಪುತ್ತೀಯೆ, ಕಾರಣ ಇದು’ ಎಂದು ನಿಂತು ಹೇಳುವವನೇ ಒಳ್ಳೆಯ ಗುರು.

ಮೂರನೆಯದು, ಭಾಷೆಯ ತಿರುಳು ಎಷ್ಟು ಬೇಗ ಕಾಣುತ್ತದೆ? ಆರ್ಮ್‌ಸ್ಟ್ರಾಂಗ್ ಅವರೇ ಬರೆದ ‘ಪ್ರೋಗ್ರಾಮಿಂಗ್ ಎರ್ಲಾಂಗ್’ ಪುಸ್ತಕದ ಎರಡನೆಯ ಮುದ್ರಣ (2013) ಮೊದಲ ಅಧ್ಯಾಯದಲ್ಲೇ ಏಕಕಾಲದ ಕೆಲಸಗಳ ಮಾತನ್ನೆತ್ತುತ್ತದೆ. ಕೆಲಸಗಾರ ಬಿದ್ದಾಗ ಏನಾಗುತ್ತದೆಂಬುದನ್ನು ಪುಸ್ತಕ ಹೇಳದಿದ್ದರೆ ಅದು ಅರ್ಧ ಪುಸ್ತಕವೆಂದೇ ತಿಳಿಯಬೇಕು.

ನಾಲ್ಕನೆಯದು, ಪುಸ್ತಕದ ವಯಸ್ಸೆಷ್ಟು? ಇಲ್ಲಿ ವಿವೇಚನೆ ಬೇಕು. ವಿಚಾರಗಳು ಬೇಗ ಹಳತಾಗುವುದಿಲ್ಲ. ಚೆಸರೀನಿ ಮತ್ತು ಥಾಂಪ್ಸನ್ ಅವರ 2009ರ ‘ಎರ್ಲಾಂಗ್ ಪ್ರೋಗ್ರಾಮಿಂಗ್’ ಇಂದಿಗೂ ಓದತಕ್ಕದ್ದು, ಅಧ್ಯಾಯಗಳ ಕೊನೆಯ ಅಭ್ಯಾಸಗಳು ಮಾಡತಕ್ಕವು. ಆದರೆ 2014ರಲ್ಲಿ ಭಾಷೆಗೆ ಸೇರಿದ ‘ಮ್ಯಾಪ್’ ಎಂಬ ಅನುಕೂಲ ಅದರಲ್ಲಿ ಸಿಕ್ಕದು. ಇಂಥ ಕೊರತೆಯನ್ನು ಆಮೇಲೆ ತುಂಬಿಕೊಳ್ಳಬಹುದು. ಕೆಟ್ಟ ವಿವರಣೆಯಿಂದ ಮನಸ್ಸಿಗಾದ ಗಾಯವನ್ನು ಅಷ್ಟು ಸುಲಭವಾಗಿ ಮಾಯಿಸಲಾಗದು.

ಈ ಪ್ರಶ್ನೆಗಳನ್ನು ಹಿಡಿದು ನಾವಿಬ್ಬರೂ ಒಂದು ಪ್ರಯೋಗ ಮಾಡಿದೆವು. ಸಂದೇಶ ಕಳಿಸುವುದು, ಪಡೆಯುವುದು ಎಂಬ ಒಂದೇ ವಿಷಯವನ್ನು ಎರಡು ಪುಸ್ತಕಗಳಲ್ಲಿ ಓದಿ, ಎರಡನ್ನೂ ಮುಚ್ಚಿಟ್ಟು, ಕಲಿತದ್ದನ್ನು ಅವಳು ಬರೆಯಬೇಕು. ಒಂದು ಆರ್ಮ್‌ಸ್ಟ್ರಾಂಗ್ ಅವರದು. ಇನ್ನೊಂದು ಫ್ರೆಡ್ ಎಬೆರ್ ಎಂಬ ತರುಣ ಲೇಖಕ ತಾನೇ ಬಿಡಿಸಿದ ತಮಾಷೆಯ ಚಿತ್ರಗಳೊಡನೆ ಬರೆದ, 2013ರಲ್ಲಿ ಅಚ್ಚಾದ, ಅಂತರ್ಜಾಲದಲ್ಲಿ ಉಚಿತವಾಗಿ ಓದಲು ದೊರೆಯುವ ಪುಸ್ತಕ. ಎಬೆರ್ ಅವರದನ್ನು ಓದಿದ ಮೇಲೆ ಅವಳು ಬೇಗ ಬರೆದಳು. ಇನ್ನೊಬ್ಬರು ಆರ್ಮ್‌ಸ್ಟ್ರಾಂಗ್ ಅವರಿಂದ ಬೇಗ ಕಲಿತಾರು. ಆದ್ದರಿಂದ ಪುಸ್ತಕದ ಹೆಸರಿಗಿಂತ ಈ ಪರೀಕ್ಷೆಯನ್ನೇ ತಮಗೆ ಶಿಫಾರಸು ಮಾಡುತ್ತೇನೆ. ಹಣ ತೆರುವ ಮುನ್ನ ಗ್ರಂಥಾಲಯದಲ್ಲಿ ಕುಳಿತು ಒಂದೇ ಅಧ್ಯಾಯದಿಂದ ಇದನ್ನು ಮಾಡಬಹುದು.

ಹುಡುಗಿಯ ಮೊದಲ ದಪ್ಪ ಪುಸ್ತಕವನ್ನು ನಾವು ಮಾರಲಿಲ್ಲ, ಕಪಾಟಿನಲ್ಲಿಟ್ಟಿದ್ದೇವೆ. ಅದರ ಪಕ್ಕದಲ್ಲೇ ಆರ್ಮ್‌ಸ್ಟ್ರಾಂಗ್ ಅವರು 2003ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಒಪ್ಪಿಸಿದ ಡಾಕ್ಟರೇಟ್ ಪ್ರಬಂಧದ ಪ್ರತಿಯೂ ಇದೆ. ತಪ್ಪುಗಳ ನಡುವೆಯೂ ನಂಬಿಕೆಗೆ ಅರ್ಹವಾದ ವ್ಯವಸ್ಥೆಯನ್ನು ಕಟ್ಟುವುದು ಹೇಗೆಂಬುದು ಅದರ ವಿಷಯ. ಆರ್ಮ್‌ಸ್ಟ್ರಾಂಗ್ 2019ರಲ್ಲಿ ತೀರಿಕೊಂಡರು. ಬಿದ್ದವನನ್ನು ಹಳಿಯದೆ ಮತ್ತೆ ಎಬ್ಬಿಸಿ ನಿಲ್ಲಿಸಬೇಕೆಂಬ ಅವರ ವಿಚಾರ ಕಂಪ್ಯೂಟರಿಗೆ ಮಾತ್ರ ಸಲ್ಲತಕ್ಕದ್ದೆಂದು ನನಗೆ ತೋರುವುದಿಲ್ಲ. ಮಕ್ಕಳು ‘ನನಗೆ ಬುದ್ಧಿಯಿಲ್ಲ’ ಎಂದು ಪುಸ್ತಕ ಮುಚ್ಚಿದಾಗ, ಆ ಮಾತನ್ನು ಒಪ್ಪುವ ಮೊದಲು ಅವರ ಕೈಯಲ್ಲಿರುವ ಪುಸ್ತಕ ಯಾವುದೆಂದು ಒಮ್ಮೆ ನೋಡೋಣ. ಆ ಹಳೆಯ ವಿದ್ಯಾರ್ಥಿಯ ಕೈಯನ್ನು ಅಂದು ನಾನು ನೋಡಲಿಲ್ಲ.