ನಿಲ್ಲಬೇಕೋ, ಬೇಡವೋ?
(ಕಾರ್ಮಿಕರ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಹೋದ ಕೂಟ ಮುಗಿದ ಮೇಲೆ ನಮ್ಮ ಒಬ್ಬ ಸಹೋದರಿ ನಮ್ಮ ಮುಂದೆ ಒಂದು ಮಾತು ಇಟ್ಟರು. ಗೂಡಲೂರಿನ ಕಡೆಯ ತೋಟದಲ್ಲಿ ಸೊಪ್ಪು ಕಿತ್ತು ಮಕ್ಕಳನ್ನು ಬೆಳೆಸಿದವರು ಅವರು. “ಅಸೆಂಬ್ಲಿಗೆ ನಿಲ್ಲು ಎಂದು ಲೈನಿನವರೆಲ್ಲ ಹೇಳುತ್ತಾರೆ. ನಾನು ನಿಲ್ಲಬೇಕೋ, ಬೇಡವೋ?” ಎಂದು ಕೇಳಿದರು. ಪ್ರಾರ್ಥನೆ ಮಾಡೋಣ ಎಂದು ಹೇಳಿ ಕಳುಹಿಸಿದೆವು. ಪ್ರಾರ್ಥನೆ ಮಾಡಿದ್ದೂ ನಿಜ. ಆದರೆ ಪ್ರಾರ್ಥನೆಯ ಮರೆಯಲ್ಲಿ ನಿಂತು ಉತ್ತರ ತಪ್ಪಿಸಿಕೊಳ್ಳುವುದು ನ್ಯಾಯವಲ್ಲ. ಆದುದರಿಂದ ಈ ದಿನ ಅದನ್ನೇ ಮಾತನಾಡುತ್ತೇವೆ.

ನ್ಯಾಯಸ್ಥಾಪಕರು ಪುಸ್ತಕದ 9ನೆಯ ಅಧ್ಯಾಯದಲ್ಲಿ ಯೋತಾಮನು ಗೆರಿಜ್ಜೀಮ್ ಬೆಟ್ಟದ ಮೇಲೆ ನಿಂತು ಒಂದು ಕಥೆ ಹೇಳುತ್ತಾನೆ. ಮರಗಳು ತಮಗೊಬ್ಬ ಅರಸು ಬೇಕೆಂದು ಹೊರಟವು. ಎಣ್ಣೆ ಮರ ತನ್ನ ಎಣ್ಣೆ ಬಿಡಲಾರೆ ಎಂದಿತು. ಅಂಜೂರ ತನ್ನ ಸಿಹಿ ಬಿಡಲಾರೆ ಎಂದಿತು. ದ್ರಾಕ್ಷೆ ತನ್ನ ರಸ ಬಿಡಲಾರೆ ಎಂದಿತು. ಕೊನೆಗೆ ಮುಳ್ಳುಗಿಡ ಒಪ್ಪಿತು. ಒಪ್ಪುವಾಗಲೇ ಬೆಂಕಿಯ ಬೆದರಿಕೆಯನ್ನೂ ಹಾಕಿತು. ರಾಜಕೀಯವೆಂದರೆ ಮುಳ್ಳು ಎಂದು ತೋರಿಸಲು ನಾವು ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇವೆ. ಮುಳ್ಳಿಗೆ ಜಾಗ ತೆರವಾದದ್ದು ಹೇಗೆ ಎಂದು ಮಾತ್ರ ಕೇಳಿಕೊಂಡಿಲ್ಲ. ಒಳ್ಳೆಯ ಮರಗಳಿಗೆಲ್ಲ ಒಳ್ಳೆಯ ನೆಪವಿತ್ತು. ನಮಗೂ ಇದೆ.

ತೋಟದ ಜನ ನಿಂತದ್ದಿಲ್ಲವೆ? ಮುನ್ನಾರಿನ ಸೀಮೆಯನ್ನು ನೋಡಿರಿ. 2015ರಲ್ಲಿ ಬೋನಸ್ಸು ಇಳಿಸಿದಾಗ ಅಲ್ಲಿಯ ಹೆಂಗಸರು ಯೂನಿಯನ್ ನಾಯಕರನ್ನೂ ಬದಿಗಿಟ್ಟು ರಸ್ತೆಯಲ್ಲಿ ಕುಳಿತರು. ‘ಪೆಂಬಿಳೈ ಒರುಮೈ’ ಎಂದು ಹೆಸರಾದರು. ಬೋನಸ್ಸಿನ ಮಾತು ಗೆದ್ದರು. 232 ರೂಪಾಯಿಯ ದಿನಗೂಲಿ 301ಕ್ಕೆ ಏರಿತು. ಅದೇ ವರ್ಷ ಪಂಚಾಯತಿ ಚುನಾವಣೆಯಲ್ಲಿ ಕೆಲವರು ಗೆದ್ದೂ ಬಂದರು. ಆದರೆ 2016ರಲ್ಲಿ ಅವರ ನಾಯಕಿಯರಲ್ಲಿ ಒಬ್ಬರು ದೇವಿಕುಳಂನಿಂದ ಅಸೆಂಬ್ಲಿಗೆ ನಿಂತಾಗ ಬಿದ್ದ ಮತ ಬಹಳ ಕಡಿಮೆ. ಮುಷ್ಕರದಲ್ಲಿ ಪಕ್ಕದಲ್ಲಿ ಕೂತವರೆಲ್ಲ ಮತಪೆಟ್ಟಿಗೆಯ ಹತ್ತಿರ ಪಕ್ಕದಲ್ಲಿರುವುದಿಲ್ಲ. ಇದನ್ನು ಸಹೋದರಿಗೆ ಮುಚ್ಚಿಡಬಾರದು.

ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕ ಹಾಕಲಿ ಎಂದು ಕರ್ತನು ಲೂಕನ ಸುವಾರ್ತೆಯಲ್ಲಿ ಕಲಿಸಿದ್ದಾನೆ. ಆ ಲೆಕ್ಕ ಇದು. ವಯಸ್ಸು 25 ತುಂಬಿರಬೇಕು. ಆ ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಮಾನ್ಯತೆ ಪಡೆದ ಪಕ್ಷದ ಬೆಂಬಲವಿಲ್ಲದವರಿಗೆ ನಿಲ್ಲುವ ಕ್ಷೇತ್ರದ 10 ಮಂದಿ ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಸಿಂಧುವಾದ ಮತಗಳಲ್ಲಿ ಆರನೆಯ ಒಂದು ಪಾಲಿಗಿಂತ ಹೆಚ್ಚು ಬಾರದೆ ಸೋತರೆ ಆ ಹಣ ಹೋಯಿತು. ಫಲಿತಾಂಶದಿಂದ 30 ದಿನದೊಳಗೆ ಖರ್ಚಿನ ಲೆಕ್ಕ ಒಪ್ಪಿಸಬೇಕು; ಸಕಾರಣವಿಲ್ಲದೆ ತಪ್ಪಿದರೆ 3 ವರ್ಷ ಅನರ್ಹತೆ ಬರಬಹುದು. ಕಾಗದವನ್ನು ಹಗುರವಾಗಿ ಎಣಿಸಬೇಡಿರಿ. 1957ರಲ್ಲಿ ದೇವಿಕುಳಂನಿಂದ ಗೆದ್ದ ರೋಸಮ್ಮ ಪುನ್ನೂಸ್ ಅವರ ಆಯ್ಕೆ ರದ್ದಾದದ್ದು ಬೇರೊಬ್ಬರ ನಾಮಪತ್ರವನ್ನು ತಪ್ಪಾಗಿ ತಿರಸ್ಕರಿಸಿದ್ದರಿಂದ. ಆಕೆ ಮನೆಗೆ ಹೋಗಿ ಕೂರಲಿಲ್ಲ. 1958ರಲ್ಲಿ ಮತ್ತೆ ನಿಂತು ಮತ್ತೆ ಗೆದ್ದರು.

ಈಗ ನಮಗೆ ನೋಯುವ ಮಾತು. ಗೂಡಲೂರು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. 1950ರ ಆಜ್ಞೆಯ ಪ್ರಕಾರ ಪರಿಶಿಷ್ಟ ಜಾತಿಯ ಹಕ್ಕು ಮೊದಲು ಬಹುಮಟ್ಟಿಗೆ ಹಿಂದೂಗಳಿಗೆ ಮಾತ್ರ ಇತ್ತು; 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ದೊರೆಯಿತು. ಕ್ರೈಸ್ತರಿಗೆ ದೊರೆಯಲಿಲ್ಲ. ಪರಿಶಿಷ್ಟ ಪಂಗಡಕ್ಕೆ ಈ ಧರ್ಮದ ಗೆರೆ ಇಲ್ಲ, ನಮಗೆ ಇದೆ. ಅದೇ ಲೈನು, ಅದೇ ಬುಟ್ಟಿ, ಅದೇ ಅವಮಾನ. ಆದರೂ ಸ್ನಾನ ಮಾಡಿಸಿಕೊಂಡ ದಿನ ಆ ಬಾಗಿಲು ಮುಚ್ಚಿತು. ದೇವಿಕುಳಂ ಕೂಡ ಮೀಸಲು ಕ್ಷೇತ್ರವೇ. 2021ರಲ್ಲಿ ಅಲ್ಲಿ ಗೆದ್ದ ಶಾಸಕರು ಕ್ರೈಸ್ತರೆಂದು ಹೇಳಿ 2023ರಲ್ಲಿ ಕೇರಳದ ಉಚ್ಚ ನ್ಯಾಯಾಲಯ ಆಯ್ಕೆಯನ್ನು ರದ್ದು ಮಾಡಿತು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆಯ್ಕೆಯನ್ನು ಎತ್ತಿಹಿಡಿಯಿತು. ಸಭೆಯ ದಾಖಲೆ ಪುಸ್ತಕಗಳೂ ಕೋರ್ಟಿನಲ್ಲಿ ಮಾತಿಗೆ ಬಂದವು.

“ಪುಸ್ತಕದಲ್ಲಿ ಹೆಸರು ಇಲ್ಲವೆಂದು ಹೇಳಿಬಿಡಬಹುದಲ್ಲ” ಎಂದು ನಮ್ಮಲ್ಲೇ ಒಬ್ಬರು ಅಂದರು. ಹೊಟ್ಟೆಪಾಡಿಗಾಗಿ ಹಾಗೆ ಹೇಳಿದವರನ್ನು ನಾವು ತೀರ್ಪು ಮಾಡುವುದಿಲ್ಲ. ಆ ಇಕ್ಕಟ್ಟು ನಮಗೆ ಗೊತ್ತು. ಆದರೆ ಸಹೋದರಿ ತಾವೇ ಉತ್ತರ ಕೊಟ್ಟರು: “ನಮ್ಮ ಜನರ ಸತ್ಯ ಹೇಳುವುದಕ್ಕೆಂದು ಹೋಗುವವಳು ಬಾಗಿಲಲ್ಲೇ ಸುಳ್ಳು ಹೇಳಲೋ?” ಅಂದ ಮೇಲೆ ಅವರಿಗೆ ಗೂಡಲೂರು ಇಲ್ಲ. ನಿಲ್ಲುವುದಾದರೆ ಕುನ್ನೂರೋ ಉದಕಮಂಡಲವೋ, ಯಾವುದಾದರೂ ಸಾಮಾನ್ಯ ಕ್ಷೇತ್ರ. ಅಲ್ಲಿ ಗುರುತಿನವರು ಕಡಿಮೆ. ಠೇವಣಿಯೂ ಪೂರ್ತಿ 10,000.

ನಾವು ಏನು ಮಾಡಬಲ್ಲೆವು? ಧರ್ಮದ ಹೆಸರಿನಲ್ಲಿ ಮತ ಕೇಳುವುದು ಚುನಾವಣಾ ಕಾನೂನಿನಲ್ಲಿ ಭ್ರಷ್ಟಾಚಾರ. ಆದುದರಿಂದ ಈ ವೇದಿಕೆಯಿಂದಾಗಲಿ ಆರಾಧನೆಯ ಮನೆಯಿಂದಾಗಲಿ ಯಾರಿಗೂ ಮತ ಕೇಳುವುದಿಲ್ಲ. ಈ ಪತ್ರಿಕೆಯಲ್ಲೂ ಇಲ್ಲ. ಆದರೆ ಕೂಲಿಗಳಾಗಿ ನಾವು ಸ್ವತಂತ್ರರು. ಆ ಕಡೆ ಮತ ಇರುವವರು ಮನಸ್ಸಿದ್ದರೆ ಸೂಚಕರಾಗಿ ಸಹಿ ಹಾಕಿರಿ. ಲೆಕ್ಕ ಬರೆಯಬಲ್ಲವರು ಲೆಕ್ಕ ಬರೆಯಿರಿ. ಅವರು ತಿರುಗಾಡುವ ದಿನಗಳಲ್ಲಿ ಅವರ ಮಕ್ಕಳಿಗೆ ಒಂದು ಹೊತ್ತು ಗಂಜಿ ಹಾಕಿರಿ. ಸೋತು ಬಂದರೆ, ಬರುವ ಸಂಭವವೇ ಹೆಚ್ಚು, ನಗಬೇಡಿರಿ.

ಸಹೋದರಿ ಇನ್ನೂ ತೀರ್ಮಾನಿಸಿಲ್ಲ. ತೀರ್ಮಾನ ಅವರದೇ. ಬೇಡವೆಂದರೂ ಅವರ ಗೌರವ ನಮ್ಮಲ್ಲಿ ಕಡಿಮೆಯಾಗದು. ಆದರೆ ಲೈನಿನ ಜನ ಕೈಬಿಟ್ಟರೆಂಬ ಕಾರಣದಿಂದ ಮಾತ್ರ ಅವರು ಬೇಡವೆನ್ನುವ ಹಾಗೆ ಆಗದಿರಲಿ. ಬುದ್ಧಿ ಕೊಡುವ ದೇವರು ಅವರಿಗೂ ನಮಗೂ ಬುದ್ಧಿ ಕೊಡಲಿ. ಆಮೆನ್.