ಪಾಷಾಣದ ವಿಜ್ಞಾನಿಗಳು ಮತ್ತು ನಮ್ಮದೊಂದು ಫೋನ್ ಕರೆ

(ಸಂಘದ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಅಧ್ಯಕ್ಷೆಯವರು ಫೋನ್ ಮಾಡಿ, "ನೀನು ಎಂ.ಟೆಕ್. ಮಾಡಿದವಳು, ವಿಜ್ಞಾನದ ಬಗ್ಗೆ ಏನಾದರೂ ಹೇಳಮ್ಮ, ಆದರೆ ನಿದ್ದೆ ಬರೋ ಹಾಗೆ ಹೇಳಬೇಡ" ಅಂದರು. ನಾನು ಹವಾಮಾನ ವಿಜ್ಞಾನಿ ಅಲ್ಲ. ಐಟಿ ಕಂಪನಿಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಆದರೆ ನಮ್ಮ ಪುಣೆಯಲ್ಲೇ, ನಾವು ದಿನಾ ಓಡಾಡುವ ದಾರಿಯಲ್ಲೇ ಇರುವ ಒಂದು ಸಂಸ್ಥೆಯ ಬಗ್ಗೆ ಹೇಳಬೇಕು ಅಂತ ಬಹಳ ದಿನದಿಂದ ಮನಸ್ಸಿತ್ತು. ಅದಕ್ಕೊಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಪಾಷಾಣ ಬಡಾವಣೆ ನಿಮಗೆಲ್ಲ ಗೊತ್ತು. ನಾನು ಮೊದಲು ಇಲ್ಲಿಗೆ ಬಂದಾಗ ಬಸ್ಸಿನ ಬೋರ್ಡ್ ನೋಡಿ ನಕ್ಕಿದ್ದೆ. ನಮ್ಮ ಕಡೆ ಪಾಷಾಣ ಅಂದರೆ ಇಲಿಗೆ ಹಾಕುವುದು! ಆ ಪಾಷಾಣದಲ್ಲಿ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಇದೆ. ಎಲ್ಲರೂ ಐಐಟಿಎಂ ಅನ್ನುತ್ತಾರೆ. 1962ರಲ್ಲಿ ಶುರುವಾದದ್ದು. ನಮ್ಮ ಮುಂಗಾರು ಯಾಕೆ ಹೀಗೆ ಬರುತ್ತದೆ, ಯಾಕೆ ಕೈಕೊಡುತ್ತದೆ ಅಂತ ಅಲ್ಲಿಯ ವಿಜ್ಞಾನಿಗಳು ಅಂದಿನಿಂದ ಕೆದಕುತ್ತಾ ಬಂದಿದ್ದಾರೆ.

ಇತ್ತೀಚಿನ ವರ್ಷಗಳಲ್ಲಿ ಅವರು ಮಾಡುತ್ತಿರುವುದರಲ್ಲಿ ಮೂರು ಕೆಲಸಗಳನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಮೋಡದ್ದು. ಒಂದು ಮಳೆಹನಿ ಆಗಬೇಕಾದರೆ ಮೋಡದೊಳಗಿನ ಸುಮಾರು ಹತ್ತು ಲಕ್ಷ ಸೂಕ್ಷ್ಮ ಹನಿಗಳು ಸೇರಬೇಕು. ಅವು ಯಾವಾಗ ಸೇರುತ್ತವೆ, ಯಾವಾಗ ಸೇರದೆ ಮೋಡ ಹಾಗೇ ತೇಲಿಹೋಗುತ್ತದೆ ಅಂತ ನೋಡಲು ಮಹಾಬಳೇಶ್ವರದ ಬೆಟ್ಟದ ಮೇಲೆ ಒಂದು ಪ್ರಯೋಗಾಲಯ ಇಟ್ಟಿದ್ದಾರೆ. ಮಳೆಗಾಲದಲ್ಲಿ ಅಲ್ಲಿ ಮೋಡ ಕಿಟಕಿಯವರೆಗೂ ಬರುತ್ತದೆ, ಉಪಕರಣಗಳು ಮೋಡದೊಳಗೇ ನಿಂತಿರುತ್ತವೆ. ನಾವು ಸ್ಟ್ರಾಬೆರಿ ತಿನ್ನಲು ಹೋಗುವ ಊರು ಅದು. ಕೃಷ್ಣೆ ಹುಟ್ಟುವುದೂ ಅಲ್ಲೇ. ಅಲ್ಲಿ ಬಿದ್ದ ಮಳೆ ಆಲಮಟ್ಟಿಗೆ ಇಳಿದು ಬರುತ್ತದೆ.

ಸೊಲ್ಲಾಪುರದಲ್ಲಿ ಅವರು ಮೋಡ ಬಿತ್ತನೆಯ ಪ್ರಯೋಗವನ್ನೂ ಮಾಡಿದರು. ನಮ್ಮಲ್ಲಿ ಎಷ್ಟೋ ಜನರ ತವರು, ಬೀಗತನ ಇರುವ ಮಳೆನೆರಳಿನ ನಾಡು ಅದು. ವಿಮಾನದಲ್ಲಿ ಹೋಗಿ ಕೆಲವು ಮೋಡಗಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಕಣ ಬಿತ್ತಿದರು, ಅಂಥವೇ ಬೇರೆ ಮೋಡಗಳನ್ನು ಬಿತ್ತದೆ ಬಿಟ್ಟರು. ಎರಡನ್ನೂ ಹೋಲಿಸಿದಾಗ, ಬಿತ್ತಿದ ಕಡೆ ಗಾಳಿ ಬೀಸುವ ದಿಕ್ಕಿನ 100 ಚದರ ಕಿಲೋಮೀಟರ್‌ನಲ್ಲಿ ಸರಾಸರಿ ಸುಮಾರು 18 ಶೇಕಡಾ ಹೆಚ್ಚು ಮಳೆ, ಕೆಲವು ಜಾಗಗಳಲ್ಲಿ 46 ಶೇಕಡಾದವರೆಗೂ. 2023ರಲ್ಲಿ ಇದು ಪ್ರಕಟವಾಯಿತು. ಇದರ ಮುಂಚೂಣಿಯಲ್ಲಿದ್ದವರು ತಾರಾ ಪ್ರಭಾಕರನ್ ಎಂಬ ಮಹಿಳಾ ವಿಜ್ಞಾನಿ. ನನಗೆ ಇಷ್ಟವಾದದ್ದು ಏನೆಂದರೆ, ಬರ ಹೋಗಿಬಿಡುತ್ತದೆ ಅಂತ ಅವರು ಡಂಗುರ ಹೊಡೆಯಲಿಲ್ಲ. ಸರಿಯಾದ ಮೋಡ ಸಿಕ್ಕರೆ ಮಾತ್ರ, ಸರಿಯಾಗಿ ಬಿತ್ತಿದರೆ ಮಾತ್ರ ಅಂತ ಲೆಕ್ಕ ಇಟ್ಟು ಹೇಳಿದರು.

ಎರಡನೆಯದು ಕಂಪ್ಯೂಟರಿನದ್ದು. ಇದು ನನ್ನ ಮನೆಯ ವಿಷಯ! 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ 'ಅರ್ಕ' ಎಂಬ ಸೂಪರ್ ಕಂಪ್ಯೂಟರ್ ಬಂತು. ಅದರ ಸಾಮರ್ಥ್ಯ 11.77 ಪೆಟಾಫ್ಲಾಪ್ಸ್. ಅಂದರೆ ಒಂದು ಸೆಕೆಂಡಿಗೆ ಸುಮಾರು 11,770 ಲಕ್ಷ ಕೋಟಿ ಲೆಕ್ಕ. 2025ರ ಮೇ 26ರಂದು ಇಲ್ಲಿ ತಯಾರಾದ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್' ದೇಶದ ಬಳಕೆಗೆ ಬಂತು.

ಇದನ್ನು ರಂಗೋಲಿ ಲೆಕ್ಕದಲ್ಲಿ ಹೇಳುತ್ತೇನೆ. ಹವಾಮಾನದ ಮಾದರಿ ಭೂಮಿಯ ಮೇಲೆ ಚುಕ್ಕಿ ಇಟ್ಟಂತೆ. ಪ್ರತಿ ಚುಕ್ಕಿಯಲ್ಲೂ ಗಾಳಿ, ಶಾಖ, ತೇವ ಎಷ್ಟು ಅಂತ ಲೆಕ್ಕ. ಮೊದಲು ಚುಕ್ಕಿಗಳ ನಡುವೆ 12 ಕಿಲೋಮೀಟರ್ ಅಂತರವಿತ್ತು, ಈಗ 6. ಅಂತರ ಅರ್ಧ ಮಾಡಿದರೆ ಅದೇ ಅಂಗಳಕ್ಕೆ ನಾಲ್ಕು ಪಟ್ಟು ಚುಕ್ಕಿ ಬೇಕು. ಲೆಕ್ಕವನ್ನೂ ಇನ್ನಷ್ಟು ಸಣ್ಣ ಸಣ್ಣ ಹೊತ್ತಿಗೆ ಮಾಡಬೇಕು. ಹಾಗಾಗಿ ಕೆಲಸ ಸುಮಾರು ಎಂಟು ಪಟ್ಟು. ಅದಕ್ಕೇ ಅಷ್ಟು ದೊಡ್ಡ ಯಂತ್ರ. ಇಡೀ ಜಿಲ್ಲೆಗೆ ಒಂದೇ ಮಾತು ಹೇಳುವ ಬದಲು ಪಂಚಾಯಿತಿ ಮಟ್ಟದ ಮುನ್ಸೂಚನೆ ಕೊಡಬೇಕು ಎನ್ನುವುದು ಇದರ ಗುರಿ.

ಮೂರನೆಯದು ಸಿಡಿಲಿನದ್ದು. ಇಲ್ಲಿಗೆ ನನ್ನ ಕಾರಣ ಬಂತು.

ನಮ್ಮ ದೇಶದಲ್ಲಿ 2022ರಲ್ಲಿ ಸಿಡಿಲಿಗೆ 2,887 ಜನ ಸತ್ತರು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ ಇದು. ಐಐಟಿಎಂ ದೇಶದಾದ್ಯಂತ 80ಕ್ಕೂ ಹೆಚ್ಚು ಸೆನ್ಸರ್ ಹಾಕಿ, ಎಲ್ಲಿ ಮಿಂಚು ಹೊಡೆಯಿತು ಎಂದು ಪತ್ತೆ ಮಾಡುವ ಜಾಲ ಕಟ್ಟಿದೆ. ಅದರಿಂದ ಬಂದದ್ದು 'ದಾಮಿನಿ' ಆ್ಯಪ್. ನಾವಿರುವ ಜಾಗದ 20, 40 ಕಿಲೋಮೀಟರ್ ಸುತ್ತ ಮಿಂಚು ಇದ್ದರೆ ಎಚ್ಚರಿಸುತ್ತದೆ. ಕರ್ನಾಟಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ 'ಸಿಡಿಲು' ಅಂತಲೇ ಒಂದು ಆ್ಯಪ್ ಮಾಡಿದೆ.

ಮೂರು ವರ್ಷದ ಹಿಂದೆ ಒಂದು ಏಪ್ರಿಲ್ ಸಂಜೆ ಇಂಡಿ ತಾಲ್ಲೂಕಿನ ನಮ್ಮ ಊರಿಂದ ಚಿಗವ್ವನ ಫೋನ್ ಬಂತು. ಅಳುತ್ತಿದ್ದಳು. ಲಿಂಬಿ ತೋಟದಲ್ಲಿ ಅವಳ ಜೊತೆ ಹಣ್ಣು ಆರಿಸುತ್ತಿದ್ದ ಹೆಂಗಸು ಸಿಡಿಲಿಗೆ ಹೋಗಿಬಿಟ್ಟಿದ್ದಳು. "ಮಳಿ ಇನ್ನೂ ಬಂದಿದ್ದಿಲ್ಲವ್ವಾ. ಗುಡುಗು ಕೇಳಿ ಆಕಿ ಬೇವಿನ ಗಿಡದ ಬುಡಕ ಹೋಗಿ ನಿಂತ್ಲು. ನಾ ಎಮ್ಮಿ ಬಿಚ್ಚಾಕ ಅಂತ ಈ ಕಡೆ ಬಂದೆ. ಅಷ್ಟ" ಅಂದಳು. ಚಿಕ್ಕಂದಿನಲ್ಲಿ ನನ್ನ ತಲೆ ಬಾಚಿದ ಕೈ ಆ ಹೆಂಗಸಿನದು.

ಆ ಹೊತ್ತಿಗೆ ನನ್ನ ಫೋನಿನಲ್ಲಿ ದಾಮಿನಿ ಇತ್ತು. ಆದರೆ ಅದು ಕಾಯುತ್ತಿದ್ದದ್ದು ಪುಣೆಯಲ್ಲಿದ್ದ ನನ್ನನ್ನು. ಚಿಗವ್ವನ ಹತ್ತಿರ ಇದ್ದದ್ದು ಬಟನ್ ಫೋನ್. ಆಫೀಸಿನಲ್ಲಿ ಒಂದು ಸರ್ವರಿನ ಡಿಸ್ಕ್ ತುಂಬುತ್ತಾ ಬಂದರೆ ನಡುರಾತ್ರಿ ನನ್ನ ಫೋನ್ ಹೊಡೆದುಕೊಳ್ಳುತ್ತದೆ. ನಾನು ಎತ್ತದಿದ್ದರೆ ಇನ್ನೊಬ್ಬರಿಗೆ ಹೋಗುತ್ತದೆ, ಅವರೂ ಎತ್ತದಿದ್ದರೆ ಮ್ಯಾನೇಜರಿಗೆ. ಒಂದು ಡಿಸ್ಕಿಗೆ ಇಷ್ಟು ವ್ಯವಸ್ಥೆ ಮಾಡಿದವಳು ನಾನು. ಚಿಗವ್ವನಿಗೆ ಏನೂ ಮಾಡಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಏಪ್ರಿಲ್, ಮೇ ತಿಂಗಳಲ್ಲಿ, ಮುಂಗಾರಿನ ಮೊದಲ ದಿನಗಳಲ್ಲಿ ನಾನು ಮಧ್ಯಾಹ್ನ ಆ್ಯಪಿನ ನಕ್ಷೆಯಲ್ಲಿ ಊರಿನ ಸುತ್ತ ನೋಡುತ್ತೇನೆ. ಚುಕ್ಕಿ ಕಂಡರೆ ಚಿಗವ್ವನಿಗೆ ಫೋನ್. ಮೊದಲ ಸಲ ಅವಳು, "ಪುಣೇದಾಗ ಕುಂತು ನಮ್ಮ ಮುಗಿಲು ನೋಡ್ತಿಯೇನ?" ಅಂತ ನಕ್ಕಳು. ಎರಡನೇ ಸಲ ನನ್ನ ಮಾತು ಕೇಳಿ ಎಲ್ಲರೂ ಕೆಲಸ ಬಿಟ್ಟು ಮನೆಗೆ ಹೋದರು. ಒಂದು ಹನಿ ಮಳೆ ಬರಲಿಲ್ಲ. ಅರ್ಧ ದಿನದ ಕೂಲಿ ಹೋಯಿತು. ನನಗೆ ಮುಖ ತೋರಿಸಲು ಆಗಲಿಲ್ಲ. ಮುನ್ಸೂಚನೆ ತಪ್ಪಿದಾಗ ಅದರ ಬೆಲೆ ಕೊಡುವವರು ಯಾರು ಅಂತ ಅವತ್ತು ತಿಳಿಯಿತು. 12 ಕಿಲೋಮೀಟರನ್ನು 6ಕ್ಕೆ ಇಳಿಸಲು ವಿಜ್ಞಾನಿಗಳು ವರ್ಷಗಟ್ಟಲೆ ಯಾಕೆ ಗುದ್ದಾಡಿದರು ಅನ್ನುವುದೂ ಆಗ ಅರ್ಥವಾಯಿತು.

ಆಮೇಲೆ ಆ ಹೆಂಗಸರೇ ಒಂದು ದಾರಿ ಮಾಡಿಕೊಂಡರು. ಫೋನ್ ಬಂದರೆ ಮನೆಗೆ ಹೋಗುವುದಿಲ್ಲ. ಗಿಡ ಬಿಟ್ಟು ಪಕ್ಕದ ಪಕ್ಕಾ ಮನೆಯೊಳಗೆ ಹೋಗಿ ಕೂರುತ್ತಾರೆ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಮತ್ತೆ ಕೆಲಸ. ಹೊಲದ ಒಡೆಯರೂ ಒಪ್ಪಿದ್ದಾರೆ. ಈಗ ಚಿಗವ್ವನಿಂದ ಇನ್ನೂ ಮೂರು ಹೊಲಕ್ಕೆ ಸುದ್ದಿ ಹೋಗುತ್ತದೆ.

ಹವಾಮಾನ ವಿಜ್ಞಾನಕ್ಕೂ ಹೆಂಗಸರಿಗೂ ಪುಣೆ-ಬೆಂಗಳೂರಿನ ಹಳೆಯ ನಂಟಿದೆ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಅಣ್ಣಾ ಮಣಿ 1948ರಲ್ಲಿ ಪುಣೆಯ ಹವಾಮಾನ ಇಲಾಖೆಗೆ ಬಂದು ಸುಮಾರು 100 ಉಪಕರಣಗಳು ನಮ್ಮ ದೇಶದಲ್ಲೇ ತಯಾರಾಗಲು ನಕ್ಷೆ ಸಿದ್ಧಪಡಿಸಿದರು. ಪುಣೆಯಲ್ಲಿ ಹುಟ್ಟಿದ ಸುಲೋಚನಾ ಗಾಡ್ಗೀಳ್ ಇದೇ ಐಐಟಿಎಂನಲ್ಲಿದ್ದು, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದರು. ಮುಂಗಾರಿನ ದೊಡ್ಡ ವಿದ್ವಾಂಸೆ. ಅವರು ಪಾವಗಡದ ಶೇಂಗಾ ರೈತರ ಜೊತೆ ಕೂತು, ಯಾವಾಗ ಬಿತ್ತಿದರೆ ಒಳ್ಳೆಯದು ಅಂತ ಲೆಕ್ಕ ಹಾಕಿದರು. 2025ರ ಜುಲೈನಲ್ಲಿ ತೀರಿಕೊಂಡರು.

ಕೊನೆಯದಾಗಿ, ನಿಮ್ಮಲ್ಲಿ ಒಂದು ವಿನಂತಿ. ನಮ್ಮಲ್ಲಿ ಎಲ್ಲರಿಗೂ ಊರಿದೆ, ಊರಲ್ಲಿ ಹೊಲಕ್ಕೆ ಹೋಗುವ ಯಾರೋ ಒಬ್ಬರಿದ್ದಾರೆ. ಈ ಸಭೆ ಮುಗಿದ ಮೇಲೆ ತಿಂಡಿ ಕೊಡುತ್ತಾರೆ. ಆ ಹೊತ್ತಿನಲ್ಲಿ ನನ್ನ ಹತ್ತಿರ ಬನ್ನಿ, ದಾಮಿನಿಯ ನಕ್ಷೆ ನೋಡುವುದು ಹೇಗೆ ಅಂತ ತೋರಿಸುತ್ತೇನೆ. ಊರಿನವರಿಗೆ ಮೂರು ಮಾತು ಹೇಳಿ. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ, ಒಳಗೆ ಹೋಗಬೇಕು. ಒಂಟಿ ಮರದ ಕೆಳಗೆ ನಿಲ್ಲಬಾರದು. ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೆ ಶಾಕ್ ಹೊಡೆಯುವುದಿಲ್ಲ, ಉಸಿರು ನಿಂತಿದ್ದರೆ ಕೂಡಲೇ ಎದೆ ಒತ್ತಿ, ಆಸ್ಪತ್ರೆಗೆ ಒಯ್ಯಬೇಕು.

ಆ ಬೇವಿನ ಮರ ಅರ್ಧ ಸುಟ್ಟು ಇನ್ನೂ ಅಲ್ಲೇ ನಿಂತಿದೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ನೋಡಿದೆ, ಒಂದು ಕಡೆ ಚಿಗುರಿತ್ತು. ಅದರ ಕೆಳಗೆ ಈಗ ಬುತ್ತಿ ಬಿಚ್ಚಿ ಕೂರುತ್ತಾರೆ, ಆಕಾಶ ನಿಚ್ಚಳ ಇದ್ದಾಗ ಮಾತ್ರ.